ಎಂಜಿನ್ ಒಳಗೆ ಚೂರು ಬಿತ್ತಾ? ಕೀ ಮುಟ್ಟಬೇಡಿ

ನನ್ನ ಕಾರಿನ ಮೂರನೇ ಸಿಲಿಂಡರಿನ ಸ್ಪಾರ್ಕ್ ಪ್ಲಗ್ ಬಿಚ್ಚಿ ಪಕ್ಕಕ್ಕಿಟ್ಟು, ನಾಲ್ಕನೆಯದರ ಕಾಯಿಲ್ (ಪ್ಲಗ್ಗಿಗೆ ಕರೆಂಟ್ ಕೊಡುವ ಭಾಗ) ಕನೆಕ್ಟರ್ ಕೀಳುತ್ತಿದ್ದೆ. ಎಂಟು ವರ್ಷ ಎಂಜಿನ್ ಬಿಸಿಗೆ ಬೆಂದು ಹಪ್ಪಳದಂತಾಗಿದ್ದ ಅದರ ಪ್ಲಾಸ್ಟಿಕ್ ಲಾಕ್ ಟಕ್ ಅಂತ ಮುರಿದು, ಕವರ್ ಮೇಲೆ ಒಂದು ಸಲ ಪುಟಿದು, ಸೀದಾ ಮೂರನೇ ಪ್ಲಗ್ಗಿನ ತೂತಿಗೆ ಇಳಿಯಿತು. ಕೇರಂ ಬೋರ್ಡಿನಲ್ಲಿ ನನಗೆ ಒಮ್ಮೆಯೂ ಹೀಗೆ ಬಿದ್ದಿಲ್ಲ. ತಪ್ಪು ನನ್ನದೇ, ಆ ತೂತಿಗೆ ಒಂದು ಬಟ್ಟೆ ತುರುಕಿದ್ದರೆ ಆಗುತ್ತಿತ್ತು.

ನಿಮಗೂ ಹೀಗಾದರೆ ಮೊದಲು ಸುಮ್ನೆ ನಿಲ್ಲಿ. ಕೀ ತಿರುಗಿಸಬೇಡಿ. ಗೇರ್‌ನಲ್ಲಿರುವ ಕಾರನ್ನು ತಳ್ಳಲೂ ಬೇಡಿ. ಬ್ಯಾಟರಿಯ ನೆಗೆಟಿವ್ ವೈರ್ ಬಿಚ್ಚಿಡಿ. "ಸ್ಟಾರ್ಟ್ ಮಾಡಿ ಸಾರ್, ಸುಟ್ಟು ಸೈಲೆನ್ಸರ್‌ನಲ್ಲಿ ಹೋಗುತ್ತೆ" ಅನ್ನುವವರು ಸಿಕ್ಕೇ ಸಿಗುತ್ತಾರೆ. ಹೋದರೂ ಹೋಗಬಹುದು. ಆದರೆ 900 ಆರ್‌ಪಿಎಂ ಐಡ್ಲಿಂಗ್‌ನಲ್ಲೇ ಪಿಸ್ಟನ್ ಸೆಕೆಂಡಿಗೆ 15 ಸಲ ಮೇಲೆ ಬರುತ್ತದೆ, ಆಗ ಅಂಚಿನಲ್ಲಿ ಅದಕ್ಕೂ ಹೆಡ್‌ಗೂ (ಸಿಲಿಂಡರನ್ನು ಮೇಲಿಂದ ಮುಚ್ಚುವ ಭಾಗ) ನಡುವೆ ಉಳಿಯುವ ಜಾಗ ಒಂದು ಮಿಲಿಮೀಟರ್ ಆಸುಪಾಸು ಅಷ್ಟೇ. ಬಿದ್ದಿರುವುದು ಸ್ಟೀಲ್ ನಟ್ ಆದರೆ ಪಿಸ್ಟನ್ ತಲೆಯಲ್ಲಿ ಗುಂಡಿ ಗ್ಯಾರಂಟಿ. ಪ್ಲಾಸ್ಟಿಕ್ ಚೂರೂ ವಾಲ್ವ್ ಸೀಟಿನಲ್ಲಿ ಕೂತರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ (ಒಳಗಿನ ಗಾಳಿಯ ಒತ್ತಡ) ಹೋಯಿತು.

ಮುರಿದ ಭಾಗವನ್ನು ಪೇಪರ್ ಮೇಲಿಟ್ಟು, ಸಿಕ್ಕಿದ ಚೂರುಗಳನ್ನೆಲ್ಲ ಜೋಡಿಸಿ ನೋಡಿ. ಎಷ್ಟು ಕಮ್ಮಿ ಇದೆ? ಈ ಲೆಕ್ಕ ಇಲ್ಲದಿದ್ದರೆ, ಎಲ್ಲ ತೆಗೆದೆವಾ ಇಲ್ಲವಾ ಅಂತ ಕೊನೆಗೂ ಗೊತ್ತಾಗಲ್ಲ. ನನ್ನದರಲ್ಲಿ ಎರಡು ಅಕ್ಕಿಕಾಳಿನಷ್ಟು ಒಂದೇ ತುಂಡು ಇರಲಿಲ್ಲ.

ಆಮೇಲೆ ಹುಡುಕಿ. ಫೋನಿಗೆ ಚುಚ್ಚುವ ಎಂಡೋಸ್ಕೋಪ್ ಕ್ಯಾಮೆರಾ ಆನ್‌ಲೈನ್‌ನಲ್ಲಿ ಸಾವಿರ ರೂಪಾಯಿ ಒಳಗೇ ಸಿಗುತ್ತದೆ. ಇಳಿಸಿ ನೋಡಿದರೆ ಕಾರ್ಬನ್ ಹಿಡಿದು ಕಪ್ಪಾದ ಪಿಸ್ಟನ್ ಮೇಲೆ, ಗೋಡೆಗೆ ಒರಗಿಕೊಂಡು, ಬೂದು ಬಣ್ಣದ ಚೂರು ಆರಾಮಾಗಿ ಕೂತಿತ್ತು.

ಸ್ಟೀಲ್ ಆದರೆ ಉದ್ದ ಕಡ್ಡಿಯ ಮ್ಯಾಗ್ನೆಟ್ ಸಾಕು. ಅಲ್ಯೂಮಿನಿಯಂ, ಹಿತ್ತಾಳೆ, ಪ್ಲಾಸ್ಟಿಕ್, ಪಿಂಗಾಣಿಗೆ ಅದು ಕೆಲಸಕ್ಕೆ ಬಾರದು, ಗಾಳಿಯಿಂದ ಎಳೆಯಬೇಕು. ವ್ಯಾಕ್ಯೂಮ್ ಕ್ಲೀನರ್ ಬಾಯಿಗೆ ಅಕ್ವೇರಿಯಂ ಪೈಪನ್ನು ಟೇಪ್ ಸುತ್ತಿ ಕೂಡಿಸಿ, ನಡುವೆ ತೆಳು ಸಾಕ್ಸ್ ಹಾಕಿ. ಚೂರು ಪೈಪ್ ಒಳಗೇ ಹೋಗಬೇಕೆಂದಿಲ್ಲ, ಬಾಯಿಗೆ ಕಚ್ಚಿಕೊಂಡರೆ ಸಾಕು. ಒಂದು ಎಚ್ಚರಿಕೆ: ಆ ಮೋಟಾರಿನಲ್ಲಿ ಕಿಡಿ ಹಾರುತ್ತದೆ. ಹಾಗಾಗಿ ಬಯಲಿನಲ್ಲಿ ಕಾರು ನಿಲ್ಲಿಸಿ, ತೂತು ತೆರೆದಿಟ್ಟು, ಪೆಟ್ರೋಲ್ ಆವಿ ಪೂರ್ತಿ ಹೋಗಲು ಬಿಡಿ. ಸ್ವಲ್ಪ ವಾಸನೆ ಇದ್ದರೂ ಬೇಡ.

ಪಿಸ್ಟನ್ ತೀರಾ ಕೆಳಗಿದ್ದರೆ ಗೇರ್ ನ್ಯೂಟ್ರಲ್‌ಗೆ ತಂದು, ಕ್ರ್ಯಾಂಕ್ (ಪಿಸ್ಟನ್ ಮೇಲೆ ಕೆಳಗೆ ಆಡಿಸುವ ಶಾಫ್ಟ್) ಪುಲ್ಲಿಯ ಬೋಲ್ಟಿಗೆ ಸ್ಪ್ಯಾನರ್ ಹಾಕಿ, ಎಂಜಿನ್ ತಿರುಗುವ ದಿಕ್ಕಿಗೇ ನಿಧಾನ ತಿರುಗಿಸಿ. ಪ್ಲಗ್ ತೂತಿನ ಮೇಲಿಟ್ಟ ಬೆರಳನ್ನು ಗಾಳಿ ತಳ್ಳಿದರೆ ಎರಡೂ ಕಡೆಯ ವಾಲ್ವ್ ಮುಚ್ಚಿವೆ ಅಂತ ಅರ್ಥ. ಪಿಸ್ಟನ್ ಅರ್ಧಕ್ಕೆ ಬಂದಾಗ ನಿಲ್ಲಿಸಿ. ಎಲ್ಲಾದರೂ ಬಿಗಿ ಅನ್ನಿಸಿದರೆ ಅಲ್ಲೇ ಬಿಡಿ, ಬಲ ಹಾಕಬೇಡಿ. ನನಗೆ ಮೂರನೇ ಪ್ರಯತ್ನದಲ್ಲಿ ಪೈಪ್ ತುದಿಯಲ್ಲಿ 'ಪಟ್' ಅಂದಿತು. ಆಗಲೂ ಸಿಗದಿದ್ದರೆ ಕಡ್ಡಿ ತುದಿಗೆ ಗಟ್ಟಿ ಗ್ರೀಸ್ ಹಚ್ಚಿ ಅಂಟಿಸಿ ತೆಗೆಯಬೇಕು ಅಂತಿದ್ದೆ.

ಪ್ಲಗ್ಗಿನ ಪಿಂಗಾಣಿಯೇ ಒಡೆದರೆ ಕೆಲಸ ಬೇರೆ. ಚೂರು ಪ್ಲಗ್ ಮೇಲಿನ ಗುಂಡಿಯಲ್ಲೇ ಇರುವಾಗ ಪ್ಲಗ್ ಬಿಚ್ಚಲೇಬೇಡಿ, ಬಿಚ್ಚಿದರೆ ಎಲ್ಲ ಒಳಗೆ. ಮೊದಲು ವ್ಯಾಕ್ಯೂಮ್‌ನಲ್ಲಿ ಚೂರು ಎಳೆದು ತೆಗೆಯಿರಿ, ಪ್ಲಗ್ ಅರ್ಧ ಸುತ್ತು ಸಡಿಲಿಸಿ, ಮತ್ತೆ ಎಳೆಯಿರಿ. ಪಿಂಗಾಣಿ ಸಿಲಿಂಡರ್ ಗೋಡೆಗಿಂತ ಗಟ್ಟಿ, ಗೀರು ಬಿತ್ತೆಂದರೆ ಆಯಿಲ್ ಕುಡಿಯಲು ಶುರು. ಲೆಕ್ಕ ಸಿಗದಿದ್ದರೆ ಹೆಡ್ ಬಿಚ್ಚಿಸುವುದೇ ಸರಿ, ಖರ್ಚು ಜಾಸ್ತಿಯಾದರೂ.

ಚೂರು ಸಿಕ್ಕ ಮೇಲೆ ಕ್ಯಾಮೆರಾ ಇನ್ನೊಮ್ಮೆ ಇಳಿಸಿ ನೋಡಿದೆ. ಕ್ರ್ಯಾಂಕನ್ನು ಕೈಯಲ್ಲೇ ಎರಡು ಪೂರ್ತಿ ಸುತ್ತು ತಿರುಗಿಸಿದೆ, ಎಲ್ಲೂ ತಡೆಯಲಿಲ್ಲ. ಆಮೇಲೇ ಪ್ಲಗ್, ಬ್ಯಾಟರಿ, ಕೀ. ಲಾಕ್ ಇಲ್ಲದ ಕನೆಕ್ಟರನ್ನು ಸದ್ಯಕ್ಕೆ ಕೇಬಲ್ ಟ್ಯಾಗ್‌ನಲ್ಲಿ ಕಟ್ಟಿದ್ದೇನೆ, ಬೆಂಗಳೂರಿನಲ್ಲಿ ಕಾರಿನ ಬಿಡಿಭಾಗ ಸಿಗುವ ಜೆ.ಸಿ. ರಸ್ತೆ ಕಡೆ ಹೋದಾಗ ಹೊಸದು ತರಬೇಕು.