ಚಿಟ್ಟಿ ಇಲ್ಲದ ರಾಕ್ಷಸ

ಕಾಸರಗೋಡಿನ ಬದಿಯಡ್ಕ ಹತ್ತಿರದ ನಮ್ಮ ವಾಚನಾಲಯದಲ್ಲಿ ಶನಿವಾರ ಮಧ್ಯಾಹ್ನ ಮಕ್ಕಳಿಗೆ ಓದಿ ಹೇಳುವ ಕೆಲಸ ನನ್ನದು. ಕಳೆದ ಮಳೆಗಾಲಕ್ಕೆ ದುಬೈಯಿಂದ ಬಂದ ಭಾವ ಒಂದು ಕಟ್ಟು ಕಾಮಿಕ್ಸ್ ತಂದುಕೊಟ್ಟರು. ಅದರಲ್ಲಿ ಸ್ಪೈಡರ್‌ಮ್ಯಾನ್‌ನ 101ನೇ ಸಂಚಿಕೆಯ ಮರುಮುದ್ರಣವೂ ಇತ್ತು. ಹೊರಗೆ ಜಡಿಮಳೆ, ಹೆದರಿಸುವ ಕಥೆಯೇ ಆಗಲಿ ಅಂತ ಅದನ್ನೇ ತೆಗೆದೆ.

ಅದಕ್ಕೊಂದು ಹಿನ್ನೆಲೆ ಉಂಟು. 1954ರಲ್ಲಿ ಅಮೆರಿಕದ ಪ್ರಕಾಶಕರು ತಮಗೆ ತಾವೇ ಹಾಕಿಕೊಂಡ ಕಾಮಿಕ್ಸ್ ಕೋಡ್ ರಕ್ತಪಿಶಾಚಿಗಳನ್ನು ಪುಟಗಳಿಂದ ಓಡಿಸಿತ್ತು. 1971ರಲ್ಲಿ ಅದು ಸಡಿಲವಾಯಿತು. ಅದೇ ಅಕ್ಟೋಬರಿನ ಈ ಸಂಚಿಕೆಯಲ್ಲಿ ರಾಯ್ ಥಾಮಸ್, ಗಿಲ್ ಕೇನ್ ಇಬ್ಬರು ಸೇರಿ ಮೋರ್ಬಿಯಸ್‌ನನ್ನು ಇಳಿಸಿದರು. ಸತ್ತವನಲ್ಲ, ಬದುಕಿರುವ ರಕ್ತಪಿಶಾಚಿ.

ಮೊದಲ ದಿನ ನಾನು ಕೆಟ್ಟದ್ದು ಸ್ವರದಿಂದ. ಮೋರ್ಬಿಯಸ್ ಬಂದ ಕೂಡಲೇ ಗಂಟಲು ಗೊಗ್ಗರು ಮಾಡಿ ಓದಿದೆ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆರನೇ ಕ್ಲಾಸಿನ ಹುಡುಗಿಯೊಬ್ಬಳು ಪುಟವನ್ನು ಕಣ್ಣಿನ ಹತ್ತಿರ ಹಿಡಿದು, "ಮಾಸ್ಟ್ರೇ, ಇವನ ಮುಖಕ್ಕೆ ಚಿಟ್ಟಿಯೇ ಇಲ್ಲ, ಇವನೆಂಥ ರಾಕ್ಷಸ?" ಅಂದಳು. ಯಕ್ಷಗಾನದಲ್ಲಿ ಮುಖದ ತುಂಬ ಅಕ್ಕಿಹಿಟ್ಟಿನ ಚುಕ್ಕೆಗಳ ಚಿಟ್ಟಿ ಇಟ್ಟು, ನಡುರಾತ್ರಿ ಸಭೆಯ ಹಿಂದಿನಿಂದ ಅಟ್ಟಹಾಸ ಕೊಡುತ್ತ ಬರುವ ರಾಕ್ಷಸನ ಬಣ್ಣದ ವೇಷವನ್ನು ಅಜ್ಜನ ತೊಡೆಯಲ್ಲಿ ಕೂತು ನೋಡಿದವಳು ಅವಳು. ಬಿಳಿಚಿದ ಮುಖದ, ಚಪ್ಪಟೆ ಮೂಗಿನ ಈ ಮನುಷ್ಯ ಅವಳಿಗೆ ಜ್ವರ ಬಂದವನ ಹಾಗೆ ಕಂಡಿರಬೇಕು.

ಮುಂದಿನ ಶನಿವಾರ ನಾಟಕ ಬಿಟ್ಟೆ. ಪುಟ ಎತ್ತಿ ತೋರಿಸುವುದು, ಮಾತನ್ನು ಸಪಾಟಾಗಿ ಓದುವುದು, ಸುಮ್ಮನಿರುವುದು, ಇಷ್ಟೇ. ಕೊನೆಗೆ ಒಬ್ಬೊಬ್ಬರಿಗೂ ಒಂದು ಚೀಟಿ. ಹೆಸರು ಹಾಕದೆ ಒಂದು ಸಾಲು ಬರೆದು ಬಿಸ್ಕೆಟ್ ಡಬ್ಬಕ್ಕೆ ಹಾಕಬೇಕು. ಬಾಯಲ್ಲಿ ಕೇಳಿದರೆ ಮೊದಲನೆಯವ ಹೇಳಿದ್ದನ್ನೇ ಉಳಿದವರೂ ಹೇಳ್ತಾರೆ, ಅದು ನನಗೆ ಗೊತ್ತಿದ್ದ ಸಂಗತಿ.

ಸಿಕ್ಕಿದ್ದು ಹತ್ತೊಂಬತ್ತು ಚೀಟಿ. "ಅವನಿಗೆ ಹಸಿವು, ಪಾಪ" ಅಂತ ಒಂದು. "ಸಾಯದೆ ಪ್ರೇತ ಆಗುವುದು ಹೇಗೆ?" ಅಂತ ಇನ್ನೊಂದು. ಕೇಳಿದವರು ಯಾರೋ, ವೇಷವಿಲ್ಲದೆ ಮಾತಲ್ಲೇ ವಾದ ನಡೆಯುವ ತಾಳಮದ್ದಳೆಗೆ ಕೂರಿಸಬಹುದು.

ಆದರೆ ನಾಲ್ಕು ಚೀಟಿಯಲ್ಲಿ ಮೋರ್ಬಿಯಸ್ ಇರಲೇ ಇಲ್ಲ. ಸ್ಪೈಡರ್‌ಮ್ಯಾನ್ ಆಗಿರುವ ಪೀಟರ್ ತನ್ನ ಶಕ್ತಿ ಕಳೆದುಕೊಳ್ಳಲು ತಾನೇ ತಯಾರಿಸಿದ್ದನ್ನು ಕುಡಿಯುತ್ತಾನೆ. ಶಕ್ತಿ ಹೋಗುವ ಬದಲು ಪಕ್ಕೆಯಿಂದ ನಾಲ್ಕು ಕೈ ಹೊಸದಾಗಿ ಹುಟ್ಟುತ್ತವೆ. ಹಿಂದಿನ ಸಂಚಿಕೆಯ ಆ ಸಂಗತಿಯನ್ನು ಓದಿನ ಮೊದಲು ಎರಡು ಮಾತಲ್ಲಿ ಹೇಳಿದ್ದೆ. "ಮದ್ದು ಕುಡಿದು ಕೈ ಬಂದದ್ದು ಹೆದರಿಕೆ ಆಯ್ತು" ಅಂತ ಒಂದು ಚೀಟಿ. ಮದ್ದು ಅನ್ನುವ ಮಾತು ನನ್ನದೇ, ಬಾಯಿಗೆ ಬಂದದ್ದನ್ನು ಹೇಳಿದ್ದೆ. ನಮ್ಮ ಕಡೆ ಡಾಕ್ಟರು ಕೊಡುವುದೂ ಮದ್ದು, ಅಡಿಕೆಗೆ ಬಿಡುವುದೂ ಮದ್ದು. ಗೇರು ತೋಟಗಳ ಮೇಲೆ 2000ದವರೆಗೆ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಎಂಬ ಕೀಟನಾಶಕ ಕೂಡ ಮದ್ದೇ.

ಎಲ್ಲರೂ ಹೋದ ಮೇಲೆ ಆ ತೋಟಗಳಿರುವ ಎಣ್ಮಕಜೆ ಕಡೆಯ ಹುಡುಗ ಕೊಡೆ ಹುಡುಕುವವನ ಹಾಗೆ ಬಾಗಿಲಲ್ಲೇ ಉಳಿದ. ಅವನ ಚಿಕ್ಕಮ್ಮ ಹುಟ್ಟಿದಂದಿನಿಂದ ಮಲಗಿದಲ್ಲೇ ಇದ್ದಾರೆ.

"ಆ ಕೈಗಳು ಆಮೇಲೆ ಹೋಗ್ತವಾ ಮಾಸ್ಟ್ರೇ?"

"ಹೋಗ್ತವೆ. ಮುಂದಿನ ಸಂಚಿಕೆಯಲ್ಲೇ."

"ಅಷ್ಟು ಬೇಗವಾ?" ಅಂದ.