ಫರಸಿಗೊಂದು ಬ್ಲೇಡ್, ವಿಟ್ರಿಫೈಡ್‌ಗೊಂದು ಬ್ಲೇಡ್

ಕಲಬುರಗಿ ಕಡೆ ಟೈಲ್ಸ್ ಕೆಲಸ ಅಂದ್ರೆ ಬರೀ ಟೈಲ್ಸ್ ಅಲ್ಲ. ಹಾಲ್‌ಗೆ ಗುಜರಾತಿನ ಮೊರ್ಬಿಯಿಂದ ಬಂದ, ಸುಟ್ಟು ಗಟ್ಟಿ ಮಾಡಿದ 2x4 ಅಡಿ ವಿಟ್ರಿಫೈಡ್ ಟೈಲ್, ಅಂಗಳಕ್ಕೂ ಮೆಟ್ಟಿಲಿಗೂ ಶಹಾಬಾದ್ ಫರಸಿ ಕಲ್ಲು. ಒಂದೇ ಮನೆಯಲ್ಲಿ ಎರಡೂ ಇರುತ್ತವೆ. ಎರಡಕ್ಕೂ ಒಂದೇ ಬ್ಲೇಡ್ ಹಚ್ಚಿ ಕೊಯ್ಯುವ ಗೌಂಡಿಗಳೇ ನಮ್ಮಲ್ಲಿ ಜಾಸ್ತಿ. ಟೈಲ್ ಅಂಚು ಅಲ್ಲೇ ಹಾಳಾಗುತ್ತದೆ.

ಹೊಸ ಹುಡುಗರು ಬಂದು ಮೊದಲು ಕೇಳುವುದು, "ಕಾಕಾ, ಯಾವ ಮಷಿನ್ ತಗೋಬೇಕ್ರಿ?" ಅಂತ. ಮಷಿನ್ ಆಮೇಲೆ, ಮೊದಲು ಬ್ಲೇಡ್‌ಗೆ ರೊಕ್ಕ ಹಾಕು ಅನ್ನುತ್ತೇನೆ. ಡೈಮಂಡ್ ಬ್ಲೇಡ್‌ಗೆ ಹಲ್ಲಿಲ್ಲ. ಅಂಚಿನ ಲೋಹದೊಳಗೆ ವಜ್ರದ ಪುಡಿ ಕೂತಿರುತ್ತದೆ. ಲೋಹ ಸವೆದಂತೆ ಹೊಸ ಪುಡಿ ಹೊರಗೆ ಬರಬೇಕು, ಆಗಲೇ ಕೊಯ್ಯುತ್ತದೆ. ವಿಟ್ರಿಫೈಡ್ ಬಹಳ ಗಟ್ಟಿ ಮಾಲು. ಅದಕ್ಕೆ ಬೇಗ ಸವೆಯುವ ಮೆದು ಲೋಹದ ಬ್ಲೇಡ್ ಬೇಕು. ಕಾಂಕ್ರೀಟ್ ಕೊಯ್ಯುವ ಗಟ್ಟಿ ಬ್ಲೇಡ್ ಹಚ್ಚಿದರೆ ವಜ್ರ ಮೊಂಡಾಗುತ್ತದೆ, ಲೋಹ ಸವೆಯುವುದಿಲ್ಲ, ಬ್ಲೇಡ್ ಸುಮ್ನೆ ಉಜ್ಜುತ್ತದೆ. ಕಿಡಿ ಹಾರುತ್ತದೆ, ಟೈಲ್ ಬಿಸಿಯಾಗುತ್ತದೆ. ಬ್ಲೇಡ್ ಹೋಯ್ತು ಅಂತ ಎಸೆಯಬೇಡಿ. ಒಂದು ಸಿಮೆಂಟ್ ಇಟ್ಟಿಗೆ ತುಂಡು ಇಟ್ಟು ಐದಾರು ಸಲ ಕೊಯ್ಯಿರಿ, ಮತ್ತೆ ಹರಿತವಾಗುತ್ತದೆ.

ವಿಟ್ರಿಫೈಡ್‌ಗೆ ನಾನು ಇಡುವುದು ಸಂದಿಲ್ಲದ ಪೂರ್ತಿ ಅಂಚಿನ ತೆಳ್ಳನೆಯ ಬ್ಲೇಡ್. ಸಂದು ಸಂದಾಗಿ ಕತ್ತರಿಸಿದಂತಿರುವ ಸೆಗ್ಮೆಂಟ್ ಬ್ಲೇಡ್ ಫರಸಿಗೆ. ಬೇಗ ಓಡುತ್ತದೆ, ಅಂಚು ಸ್ವಲ್ಪ ಒರಟು, ಆಮೇಲೆ ಹೇಗೂ ಉಜ್ಜುವುದೇ ಅಲ್ವಾ.

ಮಷಿನ್ ವಿಷಯ. ಕೈಯಲ್ಲಿ ಹಿಡಿಯುವ 4 ಇಂಚಿನ ಮಾರ್ಬಲ್ ಕಟರ್ ಇಲ್ಲದೆ ಯಾರ ಕೆಲಸವೂ ನಡೆಯುವುದಿಲ್ಲ. ಆದರೆ ಅದರ ಬ್ಲೇಡ್ ಕೆಳಗಿನಿಂದ ಮೇಲೆ ತಿರುಗುತ್ತದೆ, ಹಾಗಾಗಿ ಮೇಲಿನ ಮುಖವೇ ಚಿಪ್ಪು ಏಳುತ್ತದೆ. ಮೊದಲು 2-3 ಮಿ.ಮೀ. ಆಳ ಒಂದು ಗೆರೆ ಎಳೆದುಕೊಂಡು, ಎರಡನೇ ಸಲ ಪೂರ್ತಿ ಇಳಿಸುತ್ತೇನೆ. ನೀರಿನ ತೊಟ್ಟಿ ಇರುವ ಟೇಬಲ್ ಕಟರ್‌ನಲ್ಲಿ ಬ್ಲೇಡ್ ಮೇಲಿನಿಂದ ಕೆಳಕ್ಕೆ ಕೊಯ್ಯುತ್ತದೆ, ಅದಕ್ಕೆ ಮುಖ ಮೇಲೆ ಇಟ್ಟರೂ ಅಂಚು ಸ್ವಚ್ಛ ಬರುತ್ತದೆ. ಅಲ್ಲಿ ನಾನು ಮೊದಲು ನೋಡುವುದು ಮೋಟಾರ್ ಅಲ್ಲ, ಸರಿಸುವ ಪಟ್ಟಿ ಅಲುಗಾಡುತ್ತದೆಯೋ ಅಂತ. ಅಂಗಡಿಯಲ್ಲೇ ಗುಣ್ಯಾ (ಮೂಲೆ ನೇರ ನೋಡುವ ಮಟ್ಟ) ಹಚ್ಚಿ ನೋಡಿ. ಅಂಗಡಿಯವರು ಮುಖ ಸಿಂಡರಿಸಿದರೂ ಪರವಾಗಿಲ್ಲ.

ದೊಡ್ಡ ವಿಟ್ರಿಫೈಡ್ ಹಾಳೆ ಕೊನೆಯ ಎರಡು ಬೆರಳಿಗೆ ಬಂದಾಗ ಟಕ್ ಅಂತ ಅಡ್ಡ ಒಡೆಯುತ್ತದೆ. ಸುಡುವಾಗ ಒಳಗೆ ಉಳಿದ ಬಿಗಿತ ಅದು. ಮುಗಿಯುವ ಕಡೆಯಿಂದ ಮೊದಲೇ ಎರಡು ಇಂಚು ಕೊಯ್ದಿಟ್ಟು, ಆಮೇಲೆ ಈ ಕಡೆಯಿಂದ ಬರಬೇಕು. ಕಂಬಕ್ಕೆ ಎಲ್ ಆಕಾರ ತೆಗೆಯುವಾಗ ಒಳಮೂಲೆಗೆ ಮೊದಲು ಡ್ರಿಲ್‌ನಿಂದ ತೂತು, ಅಲ್ಲಿಗೆ ಬಂದು ಎರಡೂ ಕೊಯ್ತ ನಿಲ್ಲಬೇಕು. ಚೂಪು ಮೂಲೆ ಬಿಟ್ಟರೆ ಬಿರುಕು ಅಲ್ಲಿಂದಲೇ ಓಡುತ್ತದೆ.

ಇನ್ನು ಅಂಚು ಗುಂಡು ಮಾಡುವ ಕೆಲಸ. ಮನೆಯವರು ಮೆಟ್ಟಿಲಿಗೆ "ಗೋಲ್ ಮಾಡ್ರಿ" ಅನ್ನುತ್ತಾರೆ. ಫರಸಿಯಾದರೆ ಮಾಡಬಹುದು. ಮೇಲೆ ಮಾತ್ರ ಬಣ್ಣ ಇರುವ ಗ್ಲೇಜ್ಡ್ ವಿಟ್ರಿಫೈಡ್ ಆದರೆ ನಾನು ಒಪ್ಪುವುದಿಲ್ಲ. ಗುಂಡು ಮಾಡಿದ ಕೂಡಲೇ ಒಳಗಿನ ಬೇರೆ ಬಣ್ಣ ಹೊರಗೆ ಬೀಳುತ್ತದೆ. ಅದಕ್ಕೆ 45 ಡಿಗ್ರಿ ಕೊಯ್ದು ಎರಡು ಅಂಚು ಕೂಡಿಸುವುದೇ ಸರಿ, ಇಲ್ಲವೇ ಲೋಹದ ಪಟ್ಟಿ. ಆ 45ರಲ್ಲೂ ತುದಿಯನ್ನು ಕತ್ತಿಯಂತೆ ಬಿಡಬೇಡಿ. ಸುಮಾರು 1 ಮಿ.ಮೀ. ದಪ್ಪ ಉಳಿಸಿ, ಇಲ್ಲದಿದ್ದರೆ ಕೊಡ ತಾಗಿದರೂ ಕಳಚುತ್ತದೆ.

ಫರಸಿ ಸುಣ್ಣದ ಕಲ್ಲು, ಪದರು ಪದರು. ಅಂಚು ಗುಂಡು ಮಾಡುವ ಮೋಲ್ಡಿಂಗ್ ಬಿಟ್ ಇಳಿಸುವ ಮುಂಚೆ ಅಂಚಿಗೆ ನೀರು ಸುರಿದು ಕಾಯುತ್ತೇನೆ. ಕಲ್ಲು ಒಣಗುತ್ತಾ ಬರುತ್ತದೆ, ಸಣ್ಣ ಬಿರುಕು ಇದ್ದಲ್ಲಿ ಮಾತ್ರ ಒಂದು ಕಪ್ಪು ಗೆರೆ ಹಸಿಯಾಗಿ ಉಳಿಯುತ್ತದೆ. ಅಂಥ ಕಲ್ಲನ್ನು ಮೆಟ್ಟಿಲಿಗೆ ಹಾಕದೆ ಪಕ್ಕಕ್ಕಿಡುತ್ತೇನೆ, ಗೋಡೆ ಬುಡದ ಪಟ್ಟಿಗೆ ಆಗುತ್ತದೆ. ದಪ್ಪವೂ ಒಂದೇ ಸಮ ಇರುವುದಿಲ್ಲ, ಹಾಗಾಗಿ ಬಿಟ್ ಒಂದು ಕಡೆ ಜಾಸ್ತಿ ತಿನ್ನುತ್ತದೆ. ಒಂದೇ ಕಲ್ಲಿನಲ್ಲಿ ದಪ್ಪ ತೀರಾ ಹೆಚ್ಚು ಕಡಿಮೆ ಇದ್ದರೆ ಬಿಟ್ ಬಿಟ್ಟು ಗ್ರೈಂಡರ್‌ನಿಂದಲೇ ಮಾಡುತ್ತೇನೆ. ಮೊದಲು ಅಂಚನ್ನು ಓರೆಯಾಗಿ ತೆಗೆಯುವುದು, ಆ ಓರೆಯ ಎರಡು ಮೂಲೆ ಮತ್ತೆ ಓರೆ, ಆಮೇಲೆ ನೀರು ಹಾಕಿ ಉಜ್ಜುವ ಪ್ಯಾಡ್. ಒರಟು 50 ನಂಬರ್‌ನಿಂದ ನುಣುಪಿನ ಕಡೆಗೆ 100, 200, 400. ನಂಬರ್ ಹಾರಿಸಿದರೆ ಹಿಂದಿನ ಗೀರು ಹಾಗೇ ಉಳಿದು ಬಿಸಿಲಿಗೆ ಕಾಣುತ್ತದೆ. ಮೆಟ್ಟಿಲಿಗೆ ನಾನು 400ಕ್ಕೇ ನಿಲ್ಲಿಸುತ್ತೇನೆ. ಅದಕ್ಕೂ ಮೇಲೆ ಹೋದರೆ ಹೊಳಪು ಬರುತ್ತದೆ, ಮಳೆಗಾಲದಲ್ಲಿ ಜನ ಜಾರುತ್ತಾರೆ.

ಈ ಪ್ಯಾಡ್‌ಗೆ ಸಾದಾ 4 ಇಂಚಿನ ಗ್ರೈಂಡರ್ ಆಗಿಬರುವುದಿಲ್ಲ. ಅದು ನಿಮಿಷಕ್ಕೆ 11,000 ಸುತ್ತು ತಿರುಗುತ್ತದೆ. ಪ್ಯಾಡ್ ಸುಡುತ್ತದೆ, ನೀರೆಲ್ಲ ಎರಚುತ್ತದೆ. ವೇಗ 4,000ಕ್ಕಿಂತ ಕಡಿಮೆ ಮಾಡಬಲ್ಲ ಪಾಲಿಶರ್ ತಗೊಳ್ಳಿ. ನೀರು, ಕರೆಂಟ್ ಎರಡೂ ಕೈಯಲ್ಲೇ ಇರುತ್ತವೆ, ಅದಕ್ಕೇ 30 ಮಿಲಿಆಂಪ್ ಕರೆಂಟ್ ಸೋರಿದರೂ ತಾನೇ ಬಂದ್ ಆಗುವ ಇಎಲ್‌ಸಿಬಿ ಇಲ್ಲದ ಬೋರ್ಡ್‌ಗೆ ನಾನು ಪಿನ್ ಹಾಕುವುದಿಲ್ಲ. ಮಾಲೀಕರು ನಕ್ಕರೂ ಸರಿ.

ನಮ್ಮ ಬೋರ್ ನೀರಲ್ಲಿ ಸುಣ್ಣ ಜಾಸ್ತಿ, ಟೇಬಲ್ ಕಟರ್‌ನ ಸಣ್ಣ ಪಂಪ್ ಬೇಗ ಕಟ್ಟಿಕೊಳ್ಳುತ್ತದೆ. ಪಂಪನ್ನು ತೊಟ್ಟಿ ತಳಕ್ಕೆ ಇಡದೆ ಒಂದು ಟೈಲ್ ತುಂಡಿನ ಮೇಲೆ ಇಡಿ, ಕೆಸರು ಒಳಗೆ ಹೋಗುವುದಿಲ್ಲ. ಏಪ್ರಿಲ್, ಮೇ ಬಿಸಿಲಿನಲ್ಲಿ ನೀರು ಬೇಗ ಇಳಿಯುತ್ತದೆ, ಕಣ್ಣಿಟ್ಟಿರಿ. ನೀರಿಲ್ಲ ಅಂತ ಒಣ ಕೊಯ್ತಕ್ಕೆ ಇಳಿಯಬೇಡಿ. ವಿಟ್ರಿಫೈಡ್ ದೂಳಿನಲ್ಲಿ ಸಿಲಿಕಾ ಇರುತ್ತದೆ, ಅದು ಪುಪ್ಪುಸ ಸೇರಿದರೆ ಹೊರಗೆ ಬರುವುದಿಲ್ಲ. ಕರವಸ್ತ್ರ ಕಟ್ಟಿಕೊಂಡರೆ ಅದೇನೂ ತಡೆಯುವುದಿಲ್ಲ.

ಕೆಲಸ ಮುಗಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ಮನೆಯವರು ಆಸಿಡ್ ತರುತ್ತಾರೆ. ವಿಟ್ರಿಫೈಡ್ ಮೇಲೆ ತಡೆದೀತು. ಫರಸಿ ಮೇಲೆ ಬಿದ್ದ ಕೂಡಲೇ ಬುರುಗು ಏಳುತ್ತದೆ, ಉಜ್ಜಿದ ಅಂಚೆಲ್ಲ ಬಿಳಿಚಿಕೊಳ್ಳುತ್ತದೆ. ಅದಕ್ಕೇ ನಾನು ಕಲ್ಲಿನ ಕೆಸರನ್ನು ಅಂದಂದೇ ಸಂಜೆ ಬರೀ ನೀರು, ಬ್ರಷ್‌ನಿಂದ ತೊಳೆಸಿಬಿಡುತ್ತೇನೆ. ಮೋಲ್ಡಿಂಗ್ ಕೂಲಿಯನ್ನು ಚದರ ಅಡಿಯಲ್ಲಿ ಸೇರಿಸದೆ ರನ್ನಿಂಗ್ ಫೂಟ್ (ಅಂಚಿನ ಉದ್ದದ ಅಡಿ) ಲೆಕ್ಕದಲ್ಲಿ ಮೊದಲೇ ಮಾತಾಡಿಕೊಳ್ಳುತ್ತೇನೆ.