ಎಚ್‌-1ಬಿ ಲಾಯರ್ ಫೀಸ್ ವಾಪಸ್ ತಗೊಂಡ ನನ್ನ ಅನುಭವ

"ಬಿಡು ಮಾರಾಯ, ಆ ದುಡ್ಡು ಬರಲ್ಲ" ಅಂತ ಸ್ನೇಹಿತರೆಲ್ಲ ಹೇಳಿದ್ದರು. ಬಂತು. ಸುಮಾರು 5,400 ಡಾಲರ್, ಪೂರ್ತಿ.

ನಾನು ಅಮೆರಿಕದಲ್ಲಿ ಸೇರಿದ್ದ ಕನ್ಸಲ್ಟಿಂಗ್ ಕಂಪನಿ ನನ್ನ ಕೆಲಸದ ವೀಸಾ (ಎಚ್-1ಬಿ) ಅರ್ಜಿಯ ಲಾಯರ್ ಫೀಸ್, ಫೈಲಿಂಗ್ ಫೀಸ್ ಎರಡನ್ನೂ ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಕೊಳ್ಳುತ್ತಿತ್ತು. ಎಚ್‌ಆರ್‌ಗೆ ಫೋನ್ ಮಾಡಿದೆ. "ನೀವೇ ಸಹಿ ಹಾಕಿದ್ದೀರಲ್ಲ" ಅಂದರು. ಮೇಲ್ ಹಾಕಿದೆ, ಉತ್ತರವಿಲ್ಲ. ಪಿಟಿಷನ್ ಹಾಕಿದ ಲಾಯರ್ ಆಫೀಸು "ಕಂಪನಿಯನ್ನೇ ಕೇಳಿ" ಅಂತ ಕೈತೊಳೆದುಕೊಂಡಿತು. ಹೊರಗಿನ ಲಾಯರ್ ಒಬ್ಬರಿಗೆ 250 ಡಾಲರ್ ಕೊಟ್ಟು ಮಾತಾಡಿದೆ. ಕೇಸ್ ಹಾಕೋಣ ಅಂದರು. ಅವರು ಹೇಳಿದ ಖರ್ಚು ನನಗೆ ಬರಬೇಕಾದ ದುಡ್ಡಿಗಿಂತ ಜಾಸ್ತಿ ಇತ್ತು!

ಕೊನೆಗೆ ಕೆಲಸಕ್ಕೆ ಬಂದಿದ್ದು, ಕೊಡುವ ಸಂಬಳ ಬರೆದು ಕಂಪನಿ ಲೇಬರ್ ಇಲಾಖೆಗೆ ಸಲ್ಲಿಸುವ ಅರ್ಜಿ, ಅಂದರೆ ಎಲ್‌ಸಿಎ. ಕೆಲಸಕ್ಕೆ ಸೇರುವ ದಿನದೊಳಗೆ ಅದರ ಕಾಪಿ ನಮ್ಮ ಕೈಗೆ ಕೊಡಲೇಬೇಕು ಅಲ್ವಾ? ಅದನ್ನೂ ಪೇ ಸ್ಟಬ್‌ಗಳನ್ನೂ ಪಕ್ಕಪಕ್ಕ ಇಟ್ಟು ಒಂದು ಶೀಟ್ ಮಾಡಿದೆ. ಎಲ್‌ಸಿಎಯಲ್ಲಿ ಬರೆದಷ್ಟೇ ನನ್ನ ಸಂಬಳ, ಒಂದು ಡಾಲರೂ ಮೇಲಿಲ್ಲ. ಅಂದರೆ ಫೀಸ್ ಮುರಿದ ಪ್ರತಿ ತಿಂಗಳೂ ಸಂಬಳ ಕಡ್ಡಾಯ ಮಟ್ಟಕ್ಕಿಂತ ಕೆಳಗೆ ಹೋಗಿದೆ. ಎಲ್‌ಸಿಎ ಮತ್ತು ಐ-129 (ವೀಸಾ ಪಿಟಿಷನ್ ಫಾರ್ಮ್) ಕೆಲಸದ ಲಾಯರ್ ಫೀಸ್ ಕಂಪನಿಯ ಖರ್ಚು, ಅದನ್ನು ಹೀಗೆ ವಸೂಲಿ ಮಾಡುವಂತಿಲ್ಲ ಅಂತ ಅಮೆರಿಕದ ಸರ್ಕಾರಿ ನಿಯಮ 20 ಸಿಎಫ್‌ಆರ್ 655.731 ಸ್ಪಷ್ಟವಾಗಿ ಹೇಳುತ್ತದೆ. ಸಹಿ ಇದ್ದರೂ ಅಷ್ಟೇ. ಇನ್ನು ಎಸಿಡಬ್ಲ್ಯೂಐಎ ಫೀಸ್, ಅಂದರೆ ಪಿಟಿಷನ್ ಜೊತೆ ಕಂಪನಿ ಸರ್ಕಾರಕ್ಕೆ ಕಟ್ಟುವ ಶುಲ್ಕ: 25 ಜನರವರೆಗಿನ ಕಂಪನಿಗೆ 750, ದೊಡ್ಡದಕ್ಕೆ 1,500. ಸಂಬಳ ಎಷ್ಟೇ ಇರಲಿ, ಇದನ್ನು ನೌಕರನಿಂದ ತಗೊಳ್ಳುವ ಹಾಗೇ ಇಲ್ಲ. ನನ್ನಿಂದ ಅದನ್ನೂ ಕಿತ್ತಿದ್ದರು. ಆ ಸಾಲು ಕಂಡಾಗ ಸಿಟ್ಟು ನೆತ್ತಿಗೇರಿತು.

ಒಂದು ಪುಟದ ಪತ್ರ ಬರೆದೆ. ಎರಡು ವಾರ ಗಡುವು, ಇಲ್ಲದಿದ್ದರೆ ಲೇಬರ್ ಇಲಾಖೆಯ ವೇಜ್ ಅಂಡ್ ಅವರ್ ವಿಭಾಗಕ್ಕೆ ಡಬ್ಲ್ಯೂಎಚ್-4 ಎಂಬ ದೂರಿನ ಫಾರ್ಮ್ ಹಾಕುತ್ತೇನೆ ಅಂತ. ತುಂಬಿದ ಫಾರ್ಮನ್ನೂ ಜೊತೆಗಿಟ್ಟೆ. ತಪ್ಪು ನಡೆದ 12 ತಿಂಗಳೊಳಗೆ ಅದನ್ನು ಹಾಕಬೇಕು, ಸುಮ್ನೆ ಕಾಯುತ್ತಾ ಕೂರಬೇಡಿ. ವೀಸಾ ಕ್ಯಾನ್ಸಲ್ ಮಾಡಿಸುತ್ತಾರೆ ಅಂತ ಹಲವರು ಹೆದರಿಸಿದರು. ದೂರು ಕೊಟ್ಟವರ ಮೇಲೆ ಸೇಡು ತೀರಿಸಿಕೊಳ್ಳುವುದು ಕೂಡ ನಿಯಮಕ್ಕೆ ವಿರುದ್ಧ. ಪತ್ರದ ಕೊನೆಯ ಸಾಲು ಏನು, ಕಾಪಿ ಯಾರಿಗೆ ಹೋಯಿತು ಅನ್ನೋದು ನನ್ನ ಹತ್ತಿರವೇ ಇರಲಿ. ಗಡುವಿನೊಳಗೆ ದುಡ್ಡು ಬಂತು.

ಎಲ್ಲವನ್ನೂ ಕೇಳಲು ಹೋಗಲಿಲ್ಲ. ಊರಿಗೆ ಬೇಗ ಹೋಗಬೇಕಿತ್ತು ಅಂತ ನಾನೇ ಕೇಳಿಕೊಂಡಿದ್ದ ಪ್ರೀಮಿಯಂ ಪ್ರೊಸೆಸಿಂಗ್ (ಅರ್ಜಿ ಬೇಗ ನೋಡಲು ಕಟ್ಟುವ ಹೆಚ್ಚುವರಿ ಶುಲ್ಕ), ಆಗ 2,800 ಚಿಲ್ಲರೆ, ನನ್ನದೇ ಖರ್ಚು. ಹೆಂಡತಿಯ ಎಚ್-4 (ಕುಟುಂಬದವರ ವೀಸಾ) ಕೂಡ. ನ್ಯಾಯವಾದದ್ದನ್ನಷ್ಟೇ ಕೇಳಿದರೆ ಪತ್ರಕ್ಕೆ ತೂಕ ಬರುತ್ತದೆ.

ಇದೇ ಶೀಟನ್ನು ಗೆಳೆಯನೊಬ್ಬನ ಮೇಲೆ ಪ್ರಯೋಗಿಸಿದೆ. ಅವನ ಸಂಬಳ ಎಲ್‌ಸಿಎಗಿಂತ ತುಂಬಾ ಮೇಲಿತ್ತು, ಹಾಗಾಗಿ ಲಾಯರ್ ಫೀಸಿನ ವಾದ ನಿಲ್ಲಲಿಲ್ಲ. ಎಸಿಡಬ್ಲ್ಯೂಐಎ ಫೀಸಿನ 1,500 ಮಾತ್ರ ಬಂತು.

ಈಗ ನನ್ನ ಗ್ರೀನ್ ಕಾರ್ಡ್ ಫೈಲ್ ಶುರುವಾಗಿದೆ. ಪರ್ಮ್ (ಲೇಬರ್ ಇಲಾಖೆಯ ಮಂಜೂರಾತಿ) ಹಂತದ ಲಾಯರ್ ಫೀಸ್ 2007ರ ಜುಲೈನಿಂದ ಪೂರ್ತಿ ಕಂಪನಿಯದೇ. ಅದರ ನಂತರದ ಐ-140 ಅರ್ಜಿಯ ಲಾಯರ್ ಫೀಸಿಗೆ ಆ ನಿಯಮವಿಲ್ಲ. ಅದಕ್ಕೇ ಈ ಸಲ ಎರಡಕ್ಕೂ ಬೇರೆ ಬೇರೆ ಬಿಲ್ ಕೇಳಿದ್ದೇನೆ.